ಅಕ್ಕ ಕೂತಲ್ಲೆಲ್ಲ ಬೆಂಚು

ಊರಂಚಿನ ಕಾಡಿನ ಗಾರ್ಡು ಇಪ್ಪತ್ತೆಂಟು ವರ್ಷ ಮಾಡಿದ್ದು ಒಂದೇ ಕೆಲಸ: ಒಳಗೆ ಕಾಲಿಟ್ಟವರನ್ನು ಗದರಿಸಿ ಓಡಿಸುವುದು. ಜನ ಅವನಿಗೆ ‘ಬೇಲಿ’ ಎಂದೇ ಹೆಸರಿಟ್ಟಿದ್ದರು. ಹೊಸದಾಗಿ ಬಂದ ರೇಂಜರ್ ಮೇಡಂ ಒಂದು ದಿನ ಅವನನ್ನು ಕರೆದು, “ಕಾಡೊಳಗೆ ಎರಡು ಕಿಲೋಮೀಟರಿನ ಒಂದು ದಾರಿ ಮಾಡಿ. ಸುತ್ತಿ ಬಂದು ಹೊರಟ ಗೇಟಿಗೇ ಸೇರಬೇಕು. ಯಾರು ಬೇಕಾದ್ರೂ ನಡೆಯೋ ಹಾಗಿರಬೇಕು,” ಎಂದಾಗ ಬೇಲಿ ತಲೆ ಕೆರೆದುಕೊಂಡ.

ಆದರೂ ಕಣ್ಣು ಕಟ್ಟಿ ಬಿಟ್ಟರೂ ಆ ಕಾಡಿನಿಂದ ಹೊರಬರಬಲ್ಲವನು ಅವನು. ಎರಡೇ ದಿನದಲ್ಲಿ ಮರಗಳಿಗೆ ಸುಣ್ಣದ ಗುರುತು ಹಾಕಿ, ಪರೀಕ್ಷೆಗೆಂದು ತನ್ನ ಅಕ್ಕನನ್ನು ಕರೆದೊಯ್ದ. ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳಿ ನಿವೃತ್ತಳಾದವಳು. ಮೊಣಕಾಲಿನ ಆಪರೇಷನ್ ಆದಮೇಲೆ ಹೊಸ್ತಿಲು ದಾಟಲೂ ಹಿಂದೆಮುಂದೆ ನೋಡುತ್ತಿದ್ದಳು.

ಮೊದಲ ಏರಿನಲ್ಲೇ ಆಕೆ ಕಲ್ಲೊಂದರ ಮೇಲೆ ಕುಳಿತುಬಿಟ್ಟಳು.

“ಏನೋ ಇದು? ಎಲ್ಲರೂ ನಡೆಯೋ ದಾರಿ ಅಂದೆ. ಇದು ಮೇಕೆ ಹತ್ತೋ ದಾರಿ.”

“ಇದೂ ಒಂದು ಏರಾ ಅಕ್ಕಾ?”

“ನಿನ್ನ ಕಾಲು ತೆಗೆದು ಪಕ್ಕಕ್ಕಿಡು. ನನ್ನ ಕಾಲಲ್ಲಿ ನಡೆದು ನೋಡು.”

ಮಾತು ಚುರುಕ್ಕೆಂದಿತು. ಬೇಲಿ ಏರನ್ನು ಬಿಟ್ಟು, ಬಳಸಿ ಹೋಗುವಂತೆ ಹೊಸ ಗುರುತು ಹಾಕಿದ. ಅಕ್ಕ ವಾರಕ್ಕೆರಡು ಸಲ ಕೋಲೂರಿಕೊಂಡು ಬರತೊಡಗಿದಳು. ಉಸಿರು ಕಟ್ಟಿದಲ್ಲಿ ನಿಂತು “ಇಲ್ಲಿ!” ಎಂದು ಕಾಡೆಲ್ಲ ಕೇಳುವಂತೆ ಕೂಗುವಳು, ಅವನು ಅಲ್ಲೊಂದು ಗೂಟ ಹೊಡೆಯುವನು. ಗೂಟಗಳು ಹನ್ನೊಂದಾದವು, ಇಲಾಖೆ ಕೊಟ್ಟ ಬೆಂಚುಗಳು ನಾಲ್ಕೇ. ಉಳಿದ ಏಳನ್ನು ಅವನೇ ಗಾಳಿಗೆ ಬಿದ್ದ ಮರದ ದಿಮ್ಮಿ ಕೊಯ್ದು ಮಾಡಿದ. ಅಕ್ಕ ಒಂದೊಂದರ ಮೇಲೂ ಕುಳಿತು ನೋಡಿ, “ಸ್ವಲ್ಪ ಎತ್ತರಿಸು. ಇಷ್ಟು ತಗ್ಗಾದ್ರೆ ಏಳಿಸೋರ್ಯಾರು?” ಎನ್ನುವಳು.

ಕೊನೆಗೆ ಅಡ್ಡ ಬಂದದ್ದು, ಹೊರಡುವಾಗ ಮೋರಿಯ ಮೇಲೆ ದಾಟಿದ್ದ ಹಳ್ಳವೇ. ಆಚೆ ದಡದಲ್ಲಿ ಗೇಟು ಕಾಣುತ್ತಿತ್ತು. ದಾಟಲು ಇದ್ದದ್ದು ಕಲ್ಲಿಂದ ಕಲ್ಲಿಗೆ ನೆಗೆಯುವ ಸಾಲು ಮಾತ್ರ.

“ಬಂದ ಹಾಗೇ ಹಿಂದಕ್ಕೆ ಹೋಗೋಣ ಬಾ ಅಕ್ಕಾ.”

“ಬಂದ ದಾರೀಲೇ ವಾಪಸ್ ಹೋದ್ರೆ ಸೋತು ಹೋದ ಹಾಗಿರುತ್ತೆ ಕಣೋ,” ಎಂದ ಅಕ್ಕನ ಮುಖ ಸಣ್ಣದಾಯಿತು.

ಮರುದಿನ ಬೇಲಿ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಸಿಕೊಂಡು ಕಚೇರಿಗೆ ಹೋದ. ಇಷ್ಟು ವರ್ಷದಲ್ಲಿ ಒಂದು ಛತ್ರಿಯನ್ನೂ ಕೇಳಿರದವನು, “ಸೇತುವೆ ಬೇಕು ಮೇಡಂ,” ಎಂದ.

“ಕಲ್ಲು ಸಾಕಾಗಲ್ವಾ?”

“ನನಗೆ ಸಾಕು. ದಾರಿ ನನಗೊಬ್ಬನಿಗೇ ಅಲ್ವಲ್ಲ ಮೇಡಂ.”

ಮೇಡಂ ನಕ್ಕು ಬರೆದುಕೊಂಡರು. ಒಂದೂವರೆ ತಿಂಗಳಲ್ಲಿ ಎರಡೂ ಬದಿಗೆ ಕಂಬಿಯಿದ್ದ ಮರದ ಸೇತುವೆ ಎದ್ದಿತು.

ದಾರಿ ತೆರೆದ ದಿನ ಅಕ್ಕ ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮಕ್ಕೆ ಜೊತೆಗಿದ್ದ ಎಂಟು ಮಂದಿ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಮೂವರ ಕೈಯಲ್ಲಿ ಕೋಲು, ಒಬ್ಬಾಕೆ ಗಾಲಿಕುರ್ಚಿಯಲ್ಲಿ. ಎರಡು ಗಂಟೆಯ ಸವಾರಿ! ಎಲ್ಲ ಬೆಂಚಿನಲ್ಲೂ ಹರಟೆ. ಹಿಂದೆ ಹಿಂದೆ ಆಮೆಯಂತೆ ನಡೆದ ಬೇಲಿ ಮರಕುಟಿಗದ ಗೂಡೊಂದನ್ನು ಮೊದಲ ಬಾರಿಗೆ ಕಂಡ. ಸೇತುವೆ ದಾಟಿ ಗೇಟು ಮುಟ್ಟಿದಾಗ ಅಕ್ಕ ಕೆಂಪೇರಿದ ಮುಖದಲ್ಲಿ ಬಾಯ್ತುಂಬ ನಗುತ್ತಿದ್ದಳು. ಅವನು ಕೆಮ್ಮಿದಂತೆ ಮಾಡಿ ಗೇಟು ತೆರೆದ.

ಮುಂದಿನ ವಾರ ಅಕ್ಕನನ್ನು ಕರೆಯಲು ಮನೆಗೆ ಹೋದರೆ ಬಾಗಿಲಿಗೆ ಬೀಗ. ಕಾಡಿಗೆ ಬಂದು ನೋಡಿದರೆ ಆಕೆ ಆಗಲೇ ಗೆಳತಿಯರ ಜೊತೆ ಆರನೇ ಬೆಂಚಿನಲ್ಲಿದ್ದಳು.

“ನನ್ನನ್ನ ಕರೀಲೇ ಇಲ್ವಲ್ಲ?” ಎಂದ.

“ನೀನಿದ್ರೆ ಮನಸ್ಸು ಬಿಚ್ಚಿ ಮಾತಾಡಕ್ಕಾಗಲ್ಲ ಕಣೋ,” ಎಂದಳು ಅಕ್ಕ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾ.