ಭಾಮಕ್ಕನ ಬೆನ್ನಿಗೆ ಬಿದ್ದ ಗುದ್ದುಗಳು

ಭಾಮಕ್ಕನ ಕಾಲು ಮುರಿದದ್ದು ಸಂಕ್ರಾಂತಿಗೆ ಎರಡು ದಿನ ಮೊದಲು, ಭೋಗಿಯ ಹಿಂದಿನ ದಿನ, ಪುಣೆಯ ಕೊಂಢವಾದಲ್ಲಿರುವ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಆಕೆ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುವವಳು. ಅಂದು ಕೈತುಂಬ ಹಬ್ಬದ ಸೀರೆಗಳಿದ್ದವು. ಬೀಳುವಾಗ ಒಂದು ಸೀರೆಯನ್ನೂ ನೆಲಕ್ಕೆ ತಾಗಗೊಡಲಿಲ್ಲ. ಕಾಲಿನ ಕಡೆ ನೋಡುವುದು ಮಾತ್ರ ಮರೆತುಹೋಯಿತು. ಮೊಣಕಾಲಿನ ತನಕ ಪ್ಲಾಸ್ಟರ್ ಬಿತ್ತು. ಆರು ವಾರ ಮಂಚ ಬಿಟ್ಟು ಇಳಿಯಬಾರದು ಎಂದ ಡಾಕ್ಟರನ್ನು ಆಕೆ ಕೇಳಿದ್ದು ಒಂದೇ ಮಾತು: ಬಸ್ಸಿನಲ್ಲಿ ಕಾಲು ಮೇಲಿಟ್ಟುಕೊಂಡು ಬೈಲಹೊಂಗಲಕ್ಕೆ ಹೋಗಬಹುದೇ? ಡಾಕ್ಟರು ಚೀಟಿಯ ಮೇಲೆ ‘ಆರು ವಾರ’ ಎಂದು ಇನ್ನೊಮ್ಮೆ ದಪ್ಪಗೆ ಬರೆದರು.

ಬೈಲಹೊಂಗಲ ಆಕೆಯ ತವರು. ಅಲ್ಲಿ ತಮ್ಮ ರಾಜೀವನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತ್ತು. ಸಂಕ್ರಾಂತಿ ಕಳೆದು ಎರಡನೆಯ ರವಿವಾರ, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ತೊಟ್ಟಿಲಿಗೆ ಹಾಕುವ ಮುಹೂರ್ತ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಮೂರು ಸಲ ಹೆಸರು ಹೇಳುವವಳು ಸೋದರತ್ತೆ. ಆಕೆ ಬಗ್ಗಿ ಹೆಸರು ಹೇಳುತ್ತಿದ್ದ ಹಾಗೆಯೇ ಹಿಂದೆ ನಿಂತ ಹೆಂಗಸರೆಲ್ಲ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೋ ಯಾರಿಗೂ ಗೊತ್ತಿಲ್ಲ, ಗುದ್ದದೆ ಬಿಟ್ಟವರೂ ಇಲ್ಲ. ಭಾಮಕ್ಕ ಹನ್ನೊಂದು ವರ್ಷ ಆ ಗುದ್ದಿಗಾಗಿ ಕಾದಿದ್ದಳು. ಹೆಸರನ್ನು ಆಗಲೇ ಆರಿಸಿ, ದೇವರ ಮುಂದೆ ಇಟ್ಟು ಒಪ್ಪಿಗೆ ಕೇಳಿ, ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದಳು.

ಹೋಗಲಾಗದು ಎಂದಾದ ಮೇಲೆ ತವರುಮನೆಯ ಹಿರಿಯ ಅವ್ವಣ್ಣ ಕಾಕಾ ಫೋನಿನಲ್ಲಿ ತೀರ್ಪು ಕೊಟ್ಟರು. “ವಿಡಿಯೋದಾಗ ಹೇಳವಾ. ಆದ್ರ ನಿನ್ನ ಮಾರಿ ಕೂಸಿಗೆ ಕಾಣಬೇಕು, ಮಾತು ನಡು ತುಂಡಾಗಬಾರ್ದು. ಅರ್ಧಾ ಹೆಸರು ಕಿವ್ಯಾಗ ಬೀಳಬಾರ್ದು ನೋಡು. ತುಂಡ ಆಗ್ತದ ಅನ್ನಂಗಿದ್ರ ನಮ್ಮ ಹರ್ಷದಾ ಹೇಳ್ತಾಳ. ಆಕಿ ಆಗಲೇ ನಲವತ್ತು ಹೆಸರು ಬರಕೊಂಡಾಳ.” ಹರ್ಷದಾ ಅವರ ಮಗಳು, ಹುಬ್ಬಳ್ಳಿಯವಳು. ಭಾಮಕ್ಕನಿಗೆ ಉಳಿದ ಚಿಂತೆ ಈಗ ಒಂದೇ: ಇಂಟರ್ನೆಟ್ಟು.

ಆಕೆ ಬೀಳುವ ಎರಡು-ಮೂರು ದಿನ ಮೊದಲೇ ಬೀದಿ ಅಗೆದವರು ಹಳೆಯ ಕಂಪನಿಯ ವೈರು ಕಡಿದುಹಾಕಿದ್ದರು. ಇಡೀ ಕಟ್ಟಡಕ್ಕೆ ನೆಟ್ಟಿರಲಿಲ್ಲ. ಮೊಬೈಲಿನ ಸಿಗ್ನಲ್ಲು ನಮ್ಮ ಗೋಡೆಗಳೊಳಗೆ ಮಾತಿಗೆ ಸಾಕಾಗುತ್ತಿತ್ತು, ಚಿತ್ರಕ್ಕೆ ಸಾಲುತ್ತಿರಲಿಲ್ಲ. ಭಾಮಕ್ಕನ ಯಜಮಾನರು ಅವಧೂತರು ಪಿಂಪ್ರಿ-ಚಿಂಚವಾಡದ ಕಾರ್ಖಾನೆಯಲ್ಲಿ ಬಿಡಿಭಾಗ ತಪಾಸಣೆ ಮಾಡುವವರು. ಕೂದಲಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎಸೆಯುವುದೇ ಅವರ ಕೆಲಸ. ನಾಲ್ಕು ದಿನ “ನಾಳೆ ಬರ್ತೇವೆ” ಎಂದ ಕಂಪನಿಯನ್ನು ಐದನೆಯ ದಿನ ಪಕ್ಕಕ್ಕೆ ಎಸೆದರು. ಸಂಕ್ರಾಂತಿಯ ದಿನ ಹೊಸ ಕಂಪನಿಯ ವೈಫೈ ಪೆಟ್ಟಿಗೆ ಬಂತು, ನಾಲ್ಕು ಕೊಂಬಿನದು. ಮೊದಲಿನದು ಐವತ್ತರ ವೇಗ, ಇದು ಇನ್ನೂರರದು.

“ಭಾಮಾ, ನೀ ಬಾಯಿ ತೆರೆಯೂದಕ್ಕಿಂತ ಮೊದಲ ಅಲ್ಲಿ ಹೆಸರು ಕೇಳಿಸ್ತದ ನೋಡು!” ಎಂದು ಅವಧೂತರು ಪೆಟ್ಟಿಗೆಗೆ ತಾವೇ ಕುಂಕುಮ ಹಚ್ಚಿದರು.

ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಸಂಜೆಯಿಂದ ನೆಟ್ಟು ತೆವಳತೊಡಗಿತು. ಮುಂದಿನ ವಾರ ಬೈಲಹೊಂಗಲಕ್ಕೆ ಮಾಡಿದ ಪರೀಕ್ಷೆಯ ಕರೆಯಲ್ಲಿ ಭಾಮಕ್ಕನ ಚಿತ್ರ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ ನಿಂತುಬಿಟ್ಟಿತು. ಆಗಲೇ ಅಲ್ಲಿಗೆ ಬಂದಿಳಿದಿದ್ದ ಹರ್ಷದಾಳ ದನಿ ಮಾತ್ರ ಚೆನ್ನಾಗಿ ಬಂತು: “ಅಕ್ಕಾ, ಹಿಂಗ ಕುಂತ್ರ ಕೂಸು ಅಂಜಿ, ನನಗ ಹೆಸರ ಬ್ಯಾಡ ಅಂತದ!” ಭಾಮಕ್ಕ ಕೊಟ್ಟ ಉತ್ತರ ಅಲ್ಲಿ ಮುಟ್ಟುವಷ್ಟರಲ್ಲಿ ಹರ್ಷದಾ ಚಹಾ ಕುಡಿದು ಕಪ್ಪು ತೊಳೆದಿಟ್ಟಿದ್ದಳಂತೆ.

ಅವಧೂತರು ಕಾರ್ಖಾನೆಯ ರೀತಿಯಲ್ಲಿ ಕೆಲಸಕ್ಕೆ ಇಳಿದರು. ಒಂದು ನೋಟುಬುಕ್ಕು ತೆರೆದರು. “ಒಂದು ಸಲಕ್ಕ ಒಂದ ಬದಲಾವಣೆ. ಎರಡು ಮಾಡಿದ್ರ ತಪ್ಪು ಯಾವದು ಅಂತ ಹೆಂಗ ತಿಳೀತದ?” ಮೊದಲು ಪೆಟ್ಟಿಗೆ ಆರಿಸಿ ಹಚ್ಚಿದರು. ಆಮೇಲೆ ವೈರು ಬದಲಿಸಿದರು. ಬೆಳಿಗ್ಗೆ ಐದಕ್ಕೆ ನೋಡಿದರೆ ನೂರಾ ತೊಂಬತ್ತು, ಸಂಜೆ ಏಳಕ್ಕೆ ನಾಲ್ಕು. ಪೆಟ್ಟಿಗೆ ಕಬ್ಬಿಣದ ಕಪಾಟಿನ ಮೇಲಿರುವುದೇ ತಪ್ಪಿರಬೇಕೆಂದು ಅದನ್ನು ಇಳಿಸಿದರು. ಭಾಮಕ್ಕ ಮಂಚದ ಮೇಲಿಂದಲೇ ಉಳಿದ ಫಾಲ್ ಬಟ್ಟೆಯಲ್ಲಿ ಅದಕ್ಕೊಂದು ತೂಗುಚೀಲ ಹೊಲಿದುಕೊಟ್ಟಳು. ಮೆಟ್ಟಿಲ ಕಡೆಯ ಕಿಟಕಿಯಲ್ಲಿ ಪೆಟ್ಟಿಗೆ ತೂಗುಬಿದ್ದಿತು. ಅಂದು ಸಂಜೆ ವೇಗ ಎರಡಕ್ಕೆ ಇಳಿಯಿತು.

ಮೇಲಿನ ಮನೆಯ ಮಾಂತು ಮೆಟ್ಟಿಲಲ್ಲಿ ನಿಂತು ಅದನ್ನು ನೋಡಿದ. “ಸಾಹೇಬ್ರ, ಇಲ್ಲೇ ಇರ್ಲಿ ಬಿಡ್ರಿ. ಭಾಳ ಛಲೋ ಜಾಗಾ ಹುಡುಕೀರಿ!” ಎಂದ. ಅವಧೂತರು ಅದನ್ನು ಬರಿಯ ಹೊಗಳಿಕೆ ಎಂದೇ ತಿಳಿದರು.

ನಾಮಕರಣದ ಹಿಂದಿನ ದಿನ, ಶನಿವಾರ, ಕಂಪನಿಯಿಂದ ರಿಪೇರಿಗೆ ಶೀತಲ ಬಂದಳು. ನಿಪ್ಪಾಣಿಯ ಹೆಣ್ಣುಮಗಳು, ಹೆಲ್ಮೆಟ್ಟು ತೆಗೆಯುವುದರೊಳಗೆ ಇವರು ಕನ್ನಡದವರೆಂದು ಗುರುತು ಹಿಡಿದಳು. ನೋಟುಬುಕ್ಕನ್ನು ಮರ್ಯಾದೆಯಿಂದ ಕೇಳಿಸಿಕೊಂಡು, ತನ್ನ ಫೋನಿನಲ್ಲಿ ಏನೋ ತೆರೆದವಳು ನಗತೊಡಗಿದಳು.

“ಕಾಕಾ, ಮನ್ಯಾಗ ಎಷ್ಟು ಮಂದಿ?”

“ಇಬ್ಬರು.”

“ಫೋನು, ಟಿವಿ ಎಲ್ಲಾ ಕೂಡಿ?”

“ಮೂರು. ಯಾಕವಾ?”

“ನಿಮ್ಮ ಪೆಟ್ಟಿಗಿಗೆ ನಲವತ್ತೊಂದು ಕೂಡಿಕೊಂಡಾವ! ಇದು ನೋಡ್ರಿ, ‘ಮಾಂತು ದೊಡ್ಡ ಟಿವಿ.’ ಇದು ‘ಮಾಂತು ಸಣ್ಣ ಟಿವಿ.’”

“ಕಳ್ಳರು!” ಅವಧೂತರು ಬಾಗಿಲ ಕಡೆ ಹೊರಟೇಬಿಟ್ಟರು.

“ಕಳ್ಳರಲ್ರೀ,” ಮಂಚದ ಮೇಲಿಂದ ಸಣ್ಣ ದನಿ ಬಂತು. “ನಾನ ಕೊಟ್ಟೀನಿ.”

ಸಂಕ್ರಾಂತಿಯ ಮರುದಿನಗಳಲ್ಲಿ ಪುಣೆಯ ಹೆಂಗಸರು ಒಬ್ಬರನ್ನೊಬ್ಬರು ಅರಿಸಿನ-ಕುಂಕುಮಕ್ಕೆ ಕರೆದು, ಬಂದವರಿಗೆ ‘ವಾಣ’ ಎಂದು ಒಂದು ಪುಟ್ಟ ವಸ್ತು ಕೊಡುತ್ತಾರೆ. ಸ್ಟೀಲಿನ ಬಟ್ಟಲೋ, ಬಾಚಣಿಗೆಯೋ, ಡಬ್ಬಿಯೋ. ಭಾಮಕ್ಕನೂ ಪ್ರತಿವರ್ಷ ಕೊಡುತ್ತಿದ್ದಳು. ಈ ಸಲ ಕಾಲು ಪ್ಲಾಸ್ಟರಿನಲ್ಲಿ, ಪೇಟೆಗೆ ಹೋಗುವಂತಿಲ್ಲ. ಕಟ್ಟಡದಲ್ಲಿ ಯಾರಿಗೂ ನೆಟ್ಟಿಲ್ಲ, ತನ್ನ ಮನೆಯಲ್ಲಿ ಇನ್ನೂರರ ವೇಗ. ಸೀರೆಗೆ ಹಚ್ಚುವ ಚೀಟಿಗಳ ಹಿಂದೆ ಪಾಸ್‌ವರ್ಡ್ ಬರೆದು, ಕುಸುರೆಳ್ಳಿನ ಪೊಟ್ಟಣದಲ್ಲಿಟ್ಟು, ಅವಧೂತರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಎಲ್ಲರಿಗೂ ಕೊಟ್ಟಿದ್ದಳು. ನನಗೂ ಒಂದು ಬಂದಿತ್ತು. ಆ ಸಂಕ್ರಾಂತಿಯಲ್ಲಿ ಅಷ್ಟು ಉಪಯೋಗಕ್ಕೆ ಬಂದ ವಾಣ ಇನ್ನೊಂದಿರಲಿಲ್ಲ.

“ಒಂದು ದೀಪದಿಂದ ಇನ್ನೊಂದು ಹಚ್ಚಿದ್ರ ಮೊದಲಿಂದು ಸಣ್ಣ ಆಗೂದಿಲ್ಲಲ್ಲ, ಇದೂ ಹಂಗ ಅನ್ಕೊಂಡೆ,” ಎಂದಳು ಭಾಮಕ್ಕ.

“ಇದು ದೀಪ ಅಲ್ಲ ಕಾಕೂ, ನಳದ ನೀರು,” ಶೀತಲ ಕಣ್ಣೊರೆಸಿಕೊಂಡು ನಕ್ಕಳು. “ಚಿಂತಿ ಬ್ಯಾಡ. ಪಾಸ್‌ವರ್ಡ್ ಬದಲಿ ಮಾಡ್ತೀನಿ, ಎರಡು ಮಿನಿಟಿನ ಕೆಲಸ.”

“ಬ್ಯಾಡ!” ಭಾಮಕ್ಕ ಎದ್ದೇ ನಿಲ್ಲುವವಳಿದ್ದಳು. “ಕುಂಕುಮ ಹಚ್ಚಿ ಕೊಟ್ಟ ವಾಣ ತಿರಗಿ ಇಸ್ಕೊಳ್ಳಿಕ್ಕೆ ಬರ್ತದೇನು? ಯಜಮಾನ್ರು ಹೋದಮ್ಯಾಲ ಕೆಳಗಿನ ಪುಟ್ಟತಾಯಮ್ಮನ್ನ ಅರಿಸಿನ-ಕುಂಕುಮಕ್ಕ ಯಾರೂ ಕರ್ದಿಲ್ಲ. ನಾ ಆಕಿಗೂ ಕೊಟ್ಟೀನಿ. ಚೀಟಿ ಕಣ್ಣಿಗೆ ಒತ್ತಿಕೊಂಡಾಳ. ಇಲ್ರೀ, ಹೆಸರು ಹರ್ಷದಾನ ಹೇಳ್ಲಿ.” ಹೇಳಿ ಗೋಡೆಯ ಕಡೆ ಹೊರಳಿದಳು.

ಅವಧೂತರು ನೋಟುಬುಕ್ಕನ್ನು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. “ಇಸ್ಕೋಬ್ಯಾಡ,” ಎಂದರು ಕೊನೆಗೆ. “ಅರ್ಧ ತಾಸು ಕಡಾ ಕೇಳು. ನಮ್ಮ ಮನಿಂದ ಬೆಲ್ಲಾ ಕಡಾ ಒಯ್ದವರು ಅರ್ಧ ತಾಸು ಕೊಡೂದಿಲ್ಲೇನು?”

ಭಾಮಕ್ಕ ಕಟ್ಟಡದ ಹೆಂಗಸರ ಗುಂಪಿಗೆ ಮರಾಠಿಯಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದಳು. ಐದನೆಯ ಸಲ ಕಳಿಸಿದಳು: ನಾಳೆ ಹನ್ನೆರಡರಿಂದ ಹನ್ನೆರಡೂವರೆ ತನಕ ನಮ್ಮ ವೈಫೈ ಆರಿಸಿಡುತ್ತೀರಾ? ನನ್ನ ಸೋದರ ಸೊಸೆಗೆ ಹೆಸರಿಡುವುದಿದೆ.

ರವಿವಾರ ಭಾಮಕ್ಕ ಹಸಿರು ಇಳಕಲ್ ಉಟ್ಟು ಮಂಚದ ಅಂಚಿನಲ್ಲಿ ಕೂತಳು. ಹೊಲಿಗೆ ಯಂತ್ರದ ಮೇಲೆ ಫೋನು ಒರಗಿಸಿತ್ತು. ಅವಧೂತರು ಶೀತಲ ಕಲಿಸಿಹೋದ ಪಟ್ಟಿಯನ್ನು ತೆರೆದು ಕ್ರಿಕೆಟ್ಟಿನ ಸ್ಕೋರು ಹೇಳುವ ಹಾಗೆ ಕೂಗತೊಡಗಿದರು: “ನಲವತ್ತೊಂದು… ಇಪ್ಪತ್ತೆಂಟು… ಮಾಂತೂಂದು ದೊಡ್ಡದು ಹೋತು! ಹನ್ನೊಂದು… ಸಣ್ಣದೂ ಹೋತು!” ಹನ್ನೆರಡೂ ಐದಕ್ಕೆ ಮನೆಯದನ್ನು ಬಿಟ್ಟು ಒಂದೇ ಒಂದು ಉಳಿಯಿತು. ಅದು ಪುಟ್ಟತಾಯಮ್ಮನ ಟಿವಿ.

ಅವಧೂತರು ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದರು. ಪುಟ್ಟತಾಯಮ್ಮ ಮೈಸೂರು ಕಡೆಯವರು, ಎಪ್ಪತ್ತು ದಾಟಿದವರು. ಟಿವಿಯ ಮುಂದೆ ಕೈಮುಗಿದು ಯಾವುದೋ ದೇವಸ್ಥಾನದ ಮಂಗಳಾರತಿ ನೋಡುತ್ತಿದ್ದರು. “ಹಾಕೋದು ನಿಮ್ಮನೆಯವರು ಹೇಳಿಕೊಟ್ರು, ಆರಿಸೋದು ಹೇಳಿಕೊಡಲಿಲ್ಲ ಕಣಪ್ಪ,” ಎಂದರು. ಅವಧೂತರು ಪ್ಲಗ್ಗನ್ನೇ ಕಿತ್ತರು.

“ಅಯ್ಯೋ, ಮಂಗಳಾರತಿ ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲಾ!”

“ಉಳಿದದ್ದು ನಮ್ಮ ಮನ್ಯಾಗ ಅದ, ಬರ್ರಿ ಅಮ್ಮಾ!”

ಅವರಿಬ್ಬರೂ ಮೇಲೆ ಬರುವಷ್ಟರಲ್ಲಿ ಮನೆ ತುಂಬಿಹೋಗಿತ್ತು. ಟಿವಿ ಇಲ್ಲ, ಫೋನಿಲ್ಲ, ರವಿವಾರ ಮಧ್ಯಾಹ್ನ. ಕಟ್ಟಡದ ಹೆಂಗಸರು ಇನ್ನೆಲ್ಲಿಗೆ ಹೋಗಬೇಕು? ನಾನೂ ಹೋದೆ.

ಬೈಲಹೊಂಗಲ ಕನ್ನಡಿಯ ಹಾಗೆ ಸ್ಪಷ್ಟವಾಗಿ ಕಂಡಿತು. ರಾಜೀವ ಫೋನನ್ನು ತೊಟ್ಟಿಲೊಳಗೆ ಇಳಿಸಿದ. ಕೂಸು ಕಣ್ಣು ಬಿಟ್ಟು ಅತ್ತೆಯನ್ನು ನೋಡಿ ಆಕಳಿಸಿತು. ಭಾಮಕ್ಕ ಹೊಲಿಗೆ ಯಂತ್ರದ ಮೇಲೆ ಬಗ್ಗಿದಳು.

“ಕುರ್ರ್… ಶರಣ್ಯಾ! ಕುರ್ರ್…”

ಎರಡನೆಯ ಸಲ ಹೇಳುವ ಮೊದಲೇ ಗುದ್ದುಗಳು ಬಿದ್ದವು. ವಿಷಯ ಗೊತ್ತಿದ್ದವರು ಗುದ್ದಿದರು, ಗೊತ್ತಿಲ್ಲದವರು ನೋಡಿ ಗುದ್ದಿದರು. ಎಲ್ಲಕ್ಕಿಂತ ಜೋರಾಗಿ ಗುದ್ದಿದವರು ಪುಟ್ಟತಾಯಮ್ಮ. ಭಾಮಕ್ಕ ನಕ್ಕು ನಕ್ಕು ಮೂರೂ ಸಲ ಹೆಸರು ಪೂರ್ತಿ ಹೇಳಿದಳು.

“ಅಲ್ಲಿ ಯಾರು ಗುದ್ದಾವ್ರು?” ಅವ್ವಣ್ಣ ಕಾಕಾ ಕೂಗಿದರು. “ಇಲ್ಲಿತನಾ ಕೇಳಿಸ್ತು!”

“ನಲವತ್ತೂ ಹೆಸರು ದಂಡ ಆದ್ವಲ್ಲ ಅಕ್ಕಾ,” ಹರ್ಷದಾ ನಗುತ್ತಿದ್ದಳು. “ಇರ್ಲಿ, ನನ್ನ ಪರವಾಗಿ ಇನ್ನೊಂದು ಹಾಕ್ರೆವಾ!”

ಪುಟ್ಟತಾಯಮ್ಮ ಕೈ ಎತ್ತಿದರು. ಅಷ್ಟರಲ್ಲಿ, ಹನ್ನೆರಡೂವರೆ ಆಗುವ ಮೊದಲೇ, ಮೇಲೆ ಮಾಂತು ಕ್ರಿಕೆಟ್ಟು ಹಚ್ಚಿದ. ಅದನ್ನು ಕೇಳಿ ಉಳಿದ ಮನೆಗಳ ಗಂಡಸರೂ ಹಚ್ಚಿದರು. ಚಿತ್ರ ಅಲ್ಲೇ ನಿಂತಿತು. ರಾಜೀವ ಅದನ್ನೇ ಫೋಟೋ ತೆಗೆದು ಕಳಿಸಿದ. ಬಾಯಿತುಂಬ ನಗುತ್ತಿರುವ ಭಾಮಕ್ಕ, ಹಿಂದೆ ಒಂಬತ್ತು ಹೆಂಗಸರು, ನಡುವೆ ಮೇಲೆತ್ತಿದ ಪುಟ್ಟತಾಯಮ್ಮನ ಮುಷ್ಟಿ. ಅದೀಗ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ.

ಅವಧೂತರ ನೋಟುಬುಕ್ಕಿನ ಕೊನೆಯ ಸಾಲು ನಾನೇ ನೋಡಿದ್ದೇನೆ. ರವಿವಾರ, ಹನ್ನೆರಡೂ ಇಪ್ಪತ್ತು. ವೇಗ: ಎರಡು. ಅದರ ಮುಂದೆ, ಕಾರ್ಖಾನೆಯಲ್ಲಿ ಬರೆಯುವ ದಪ್ಪ ಅಕ್ಷರದಲ್ಲಿ: ಪಾಸ್.