ನೆರಳಾಗ ಕುಂತು

ಕೂರುವುದರಲ್ಲಿ ನಾನು ನಿಸ್ಸೀಮ. ಮೊದಲೆಲ್ಲ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ, ಈಗ ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ. ಕೊಂಡಜ್ಜಿ ಎಂಬ ಹಳ್ಳಿ ಕಡೆಯ ಒಕ್ಕಲುತನದ ಮನೆ ನಮ್ಮದು. ಹಬ್ಬದ ದಿನ ಹಿರಿಯರು ಹುಡುಗರ ತಲೆ ಮೇಲೆ ಕೈಯಿಟ್ಟು ಹರಸುತ್ತಿದ್ದುದು ಒಂದೇ ಮಾತು: “ನೆರಳಾಗ ಕುಂತು ಉಣ್ಣಂಗಾಗಪ್ಪ.” ಬಿಸಿಲಿಗೆ ಬೆನ್ನು ಸುಟ್ಟುಕೊಂಡವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹಾರೈಕೆ ಬರುವುದಾದರೂ ಹೇಗೆ? ನನಗದು ಅಕ್ಷರಶಃ ಫಲಿಸಿತು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರ ಆಫೀಸು, ತಲೆ ಮೇಲೆ ಫ್ಯಾನು, ಕೆಳಗೆ ಗಾಲಿ ಇರುವ ಕುರ್ಚಿ. ಫೈಲು ಬೇಕೆಂದರೆ ಏಳುವ ಕಷ್ಟವಿಲ್ಲ, ಕುರ್ಚಿಯೇ ಉರುಳಿಕೊಂಡು ಹೋಗುತ್ತದೆ. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೂಡ ಮೇಜಿಗೇ ಬರುತ್ತವೆ.

ನಮ್ಮ ಭಾಷೆಯೂ ಕೂತವರ ಪಕ್ಷವೇ. ರಾಜನ ದೊಡ್ಡಸ್ತಿಕೆ ಸಿಂಹಾಸನದಲ್ಲಿ, ಮಂತ್ರಿಯದು ಕುರ್ಚಿಯಲ್ಲಿ. ಯೋಗಿ ಕೂಡ ಪದ್ಮಾಸನ ಹಾಕಿದ ಮೇಲೆಯೇ ಯೋಗಿ. ದಾವಣಗೆರೆಯಲ್ಲಿ ಮನೆಗೆ ಬಂದವರ ಹೆಸರು ಕೇಳುವ ಮೊದಲೇ “ಕೂಡ್ರಿ” ಅನ್ನುತ್ತಾರೆ. ನಿಂತೇ ಮಾತಾಡಿ ಹೊರಟವನು ಏನೋ ಸಿಟ್ಟಿಟ್ಟುಕೊಂಡಿದ್ದಾನೆ ಎಂದೇ ಅರ್ಥ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಇದೆ ನಿಜ, ಆದರೆ ಅದು ಹೊನ್ನಿನ ಮಾತು, ಸಕ್ಕರೆಯದ್ದಲ್ಲ. ಸಕ್ಕರೆಯ ವಿಷಯದಲ್ಲಿ ನಮ್ಮೂರಿನದು ಬೇರೆಯೇ ವಿಶೇಷ: ಇಲ್ಲಿ ಯಾರಿಗೂ ಕಾಯಿಲೆ ಇಲ್ಲ, ಎಲ್ಲರೂ ಬಾರ್ಡರಿನಲ್ಲಿದ್ದಾರೆ. ನಾನೂ ಎಷ್ಟೋ ವರ್ಷ ಸೈನಿಕನ ಹಾಗೆ ಬಾರ್ಡರಿನಲ್ಲೇ ಠಿಕಾಣಿ ಹೂಡಿದ್ದೆ.

ಹೋದ ಬೇಸಿಗೆಯ ಒಂದು ಸಂಜೆ ಆಫೀಸಿನಿಂದ ಬಂದವನೇ ಸೋಫಾದಲ್ಲಿ ಕೂತೆ. ಹೆಂಡತಿ ಗಿರಿಜಾ ಬಾಗಿಲಿನಿಂದ ನನ್ನವರೆಗೆ ನೆಲ ನೋಡುತ್ತ ಬಂದಳು. ಒರೆಸಿದ ನೆಲದ ಮೇಲೆ ರಕ್ತದ ಗುರುತು. ಬೆಕ್ಕು ಇಲಿ ಹಿಡಿದು ತಂದಿರಬೇಕು ಅಂದೆ. ಅವಳು ನನ್ನ ಬಲಗಾಲು ಎತ್ತಿ ನೋಡಿದಳು. ಅಂಗಾಲಲ್ಲಿ ತೂತು ಬಿದ್ದಿತ್ತು. ಬಾಗಿಲ ಬಳಿ ಬಿಟ್ಟ ಚಪ್ಪಲಿ ತಿರುಗಿಸಿದರೆ ಅದರಲ್ಲಿ ಮೊಳೆ. ಕಾರ್ಖಾನೆಯ ಅಂಗಳದಲ್ಲಿ ಯಾವಾಗಲೋ ಚುಚ್ಚಿಕೊಂಡದ್ದು. ಅದರ ಮೇಲೇ ಕಾಲೂರಿಕೊಂಡು ಓಡಾಡಿದ್ದೆ, ಒಂದಿಷ್ಟೂ ನೋಯಲಿಲ್ಲ. ನೋವಿಗೆ ಹೆದರುವುದು ನನಗೆ ಗೊತ್ತಿತ್ತು. ನೋವೇ ಇಲ್ಲವೆಂದು ಹೆದರಿದ್ದು ಅದೇ ಮೊದಲು.

ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ, ಗಟ್ಟಿ ನೈಲಾನ್ ದಾರದಂಥದೊಂದನ್ನು ಅಂಗಾಲಿಗೆ ಮುಟ್ಟಿಸುತ್ತೇನೆ, ಗೊತ್ತಾದಾಗ ಹೂಂ ಅನ್ನಿ ಎಂದರು. ನಾನು ಕಾದೆ. ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಇನ್ನೂ ಶುರು ಮಾಡಿಲ್ಲವೇ ಎಂದು ಕಣ್ಣು ಬಿಟ್ಟರೆ, ಹೆಬ್ಬೆರಳ ಬುಡಕ್ಕೆ ಒತ್ತಿದ ದಾರ ಆಗಲೇ ಬಾಗಿತ್ತು. ಗಿರಿಜಾ ಮುಖ ಆಚೆ ತಿರುಗಿಸಿಕೊಂಡಿದ್ದಳು.

ಕೀವು ಮೂಳೆಗೆ ಇಳಿದರೆ ಬೆರಳು, ಕೆಲವೊಮ್ಮೆ ಪಾದವೇ ಹೋಗಬಹುದು ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು. ಮೈ ಅಲುಗಿಸದೆ ಕೂತು ಕೂತು ಏರಿದ ಸಕ್ಕರೆ, ನನಗೆ ತಿಳಿಯದ ಹಾಗೆ ನರಗಳನ್ನು ತಿಂದುಹಾಕಿತ್ತು. ಮುಂದೆ ಊಟವಾದ ಮೇಲೆ ನಡೆಯಬೇಕು, ಆಗಾಗ ಕುರ್ಚಿ ಬಿಟ್ಟು ಏಳಬೇಕು, ದಿನಾ ಅಂಗಾಲು ನೋಡಿಕೊಳ್ಳಬೇಕು. ಆದರೆ ಗಾಯ ಮಾಯುವವರೆಗೆ ಆ ಕಾಲು ಊರುವಂತಿಲ್ಲ, ಸುಮ್ಮನೆ ಕೂತಿರಬೇಕು. ಕೂರುವುದು ಇಂಥ ಕಠಿಣ ಶಿಕ್ಷೆ ಎಂದು ನನಗೆ ತಿಳಿದದ್ದು ಆಗಲೇ. ಪ್ರತಿ ಸಲ ಬ್ಯಾಂಡೇಜು ಬಿಚ್ಚುವಾಗ ಗಾಯ ನೋಡುವ ಧೈರ್ಯವಿಲ್ಲದೆ ಗಿರಿಜಾಳ ಮುಖವನ್ನೇ ನೋಡುತ್ತಿದ್ದೆ. ಕೊನೆಗೂ ಗಾಯ ಮಾಯಿತು. ಆದರೆ ಅಂಗಾಲಿಗೆ ಸ್ಪರ್ಶ ಮರಳಲಿಲ್ಲ. ಇನ್ನೊಂದು ಮೊಳೆ ಚುಚ್ಚಿದರೂ ನನಗೆ ಗೊತ್ತಾಗುವುದಿಲ್ಲ.

ಮೊನ್ನೆ ಹರಿಹರದ ನಮ್ಮಕ್ಕನ ಮನೆಗೆ ಹೋಗಿದ್ದೆವು. ನನ್ನ ಅಂಗಾಲು ನೋಡುವ ಕೆಲಸ ಗಿರಿಜಾಳದು, ಬಗ್ಗಿ ನೋಡಿಕೊಳ್ಳಲು ನನ್ನ ಹೊಟ್ಟೆ ಬಿಡುವುದಿಲ್ಲ. ಅವಳು ಅದನ್ನು ಹೇಳಿದ್ದೇ ತಡ, ಅಕ್ಕ ನನ್ನೆದುರು ನೆಲದ ಮೇಲೆ ಕೂತು ಕಾಲಿಗೆ ಕೈ ಹಾಕಿದಳು. ಎತ್ತಿ ಆಡಿಸಿದ ಹಿರಿಯಕ್ಕ ತಮ್ಮನ ಕಾಲು ಮುಟ್ಟುವುದುಂಟೆ? ಗಾಬರಿಯಾಗಿ ಕಾಲು ಮಡಚಿಕೊಂಡೆ.

“ಬ್ಯಾಡಕ್ಕ. ನೀನು ನನ್ನ ಕಾಲು ಮುಟ್ಟಬಾರ್ದು.”

“ಮುಟ್ಟಬಾರ್ದು ಅನ್ನಾಕೂ ಕಾಲು ಇರಬೇಕಲ್ಲಪ್ಪ,” ಅಂದಳು ಅಕ್ಕ.

ನೀಡಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ. ಮಡಚಿಕೊಂಡಿದ್ದ ಕಾಲನ್ನು ಚಾಚಿದೆ, ಅದರ ಜೊತೆಗೆ ಇನ್ನೊಂದನ್ನೂ.