ರಂಗಸಾಮಿಯವರು ಇಟ್ಟುಕೊಂಡ ಚಾವಿ

ಇವತ್ತು ಬೆಳಿಗ್ಗೆ ಕಾರಿನ ವಿಮೆಯ ಕಾಗದ ಹುಡುಕಲು ಅಲಮಾರಿನ ಕೆಳಗಿನ ಖಾನೆ ಎಳೆದೆ. ಕಾಗದ ಸಿಗಲಿಲ್ಲ, ಅರಿಸಿನದ ನೂಲು ಸುತ್ತಿದ ಒಂದು ಕಾರಿನ ಕೀಲಿಕೈ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಮಗ್ಗದ ಎಣ್ಣೆಯ ವಾಸನೆ. ಇಷ್ಟು ವರ್ಷವಾದ ಮೇಲೂ ಇರುತ್ತದೆಯೇ ಎಂದು ನೀವು ಕೇಳಬಹುದು. ಇರಲಿಕ್ಕಿಲ್ಲ. ನನ್ನ ಮೂಗನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಆ ಕೀಲಿಕೈ ಹಿಡಿದು, ಕಾಗದ ಹುಡುಕುವುದನ್ನು ಮರೆತು ಅಲ್ಲೇ ನೆಲದ ಮೇಲೆ ಕೂತಿದ್ದು ಮಾತ್ರ ನಿಜ.

ನಾವು ದಾವಣಗೆರೆ ಬಿಟ್ಟು ಕೊಯಮತ್ತೂರಿಗೆ ಬಂದ ಹೊಸತು. ನನಗೆ ಪಂಪು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆ ಮಾತ್ರ ಬಾಡಿಗೆ ಕಡಿಮೆ ಎಂದು ಮದುಕ್ಕರೈಯಿಂದಲೂ ಆಚೆ. ಆಗ ನನ್ನ ಹೆಂಡತಿ ಶೈಲಾಗೆ ಏಳು ತಿಂಗಳು. ಹಿಂದಿನ ವರ್ಷ ಒಂದು ಮಗು ಕೈಗೆ ಬರುವ ಮೊದಲೇ ಹೋಗಿತ್ತು. ಹಾಗಾಗಿ ಡಾಕ್ಟರು ಈ ಸಲ ಎಚ್ಚರಿಸಿದ್ದರು: ನೋವು ಕಾಣಿಸಿದರೆ ತಡಮಾಡಬೇಡಿ, ಕೂಡಲೇ ಬನ್ನಿ. ಆಸ್ಪತ್ರೆ ಪೇಟೆಯ ನಡುವೆ, ನಾವು ಊರಾಚೆ. ಬಾಡಿಗೆ ಕಾರಿನವರು ನಮ್ಮ ವಿಳಾಸ ಕೇಳಿದರೆ ಸಾಕು, ಬರುತ್ತೇನೆಂದು ಒಪ್ಪಿ ಆಮೇಲೆ ಫೋನಿನಲ್ಲೇ ಮಾಯವಾಗುತ್ತಿದ್ದರು. ಕಾರು ಬೇಕೇ ಬೇಕಾಗಿತ್ತು, ಅದೂ ಈಗಲೇ.

ಊರಿನಿಂದ ಕರ್ನಾಟಕದ ನಂಬರಿನ ಕಾರು ತಂದರೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುವಷ್ಟರಲ್ಲಿ ಮಗು ಶಾಲೆಗೆ ಸೇರಿರುತ್ತದೆ ಎಂದು ಜೊತೆಯ ಕೆಲಸಗಾರ ಸೆಂದಿಲ್ ಹೇಳಿದ. ಇಲ್ಲಿನ ನಂಬರಿನದೇ ಹಳೆಯದೊಂದು ತಗೊಳ್ಳಿ ಎಂದು ದಲ್ಲಾಳಿಯೊಬ್ಬನನ್ನು ತೋರಿಸಿದ. ದಲ್ಲಾಳಿ ನನ್ನ ತಮಿಳು ಕೇಳಿ ಕನಿಕರಪಟ್ಟ. ಕರುಮತ್ತಂಪಟ್ಟಿಯಲ್ಲಿ ನಿಮ್ಮ ಭಾಷೆಯವರೇ ಒಬ್ಬರು ಕಾರು ಮಾರುತ್ತಿದ್ದಾರೆ, ಅವರ ಹತ್ತಿರ ನೀವೇ ಮಾತಾಡಿಕೊಳ್ಳಿ ಎಂದು ನಂಬರು ಕೊಟ್ಟು ಕೈತೊಳೆದುಕೊಂಡ.

ಆ ನಂಬರಿಗೆ ಫೋನು ಹೊಡೆದೂ ಹೊಡೆದೂ ಸೋತೆ. ಗಂಟೆ ಬಡಿಯುತ್ತದೆ, ಯಾರೂ ಎತ್ತುವುದಿಲ್ಲ. ಕೊನೆಗೊಂದು ಮಧ್ಯಾಹ್ನ ಎತ್ತಿದರು. "ಕರೆಂಟು ಹೋಗಿತೆ ಸಾಮಿ, ಅದಕ್ಕೆ ಕೇಳಿಸ್ತು. ತರಿ ಓಡ್ತಾ ಇದ್ರೆ ಈ ಮನೇಲಿ ಇಡಿ ಬಿದ್ರೂ ತೆರಿಯಲ್ಲ" ಎಂದು ನಕ್ಕರು. ತರಿ ಅಂದರೆ ಕರೆಂಟಿನ ಮಗ್ಗ, ಇಡಿ ಅಂದರೆ ಸಿಡಿಲು, ತೆರಿಯಲ್ಲ ಅಂದರೆ ತಿಳಿಯಲ್ಲ. ಅವರೇ ರಂಗಸಾಮಿ. ಅವರ ಮನೆತನ ತಲೆಮಾರುಗಳ ಹಿಂದೆ ಮಗ್ಗ ಹೊತ್ತು ಆ ಕಡೆಗೆ ಬಂದದ್ದಂತೆ. ಕನ್ನಡ ಮನೆಯೊಳಗೆ ಉಳಿದಿತ್ತು, ಅದೂ ತಮಿಳಿನ ರಾಗದಲ್ಲಿ. ಓದಲು ಮಾತ್ರ ಬಾರದು. ಕಾರು ನೋಡಲು ಮನೆಗೆ ಹೋದಾಗ ನನ್ನ ಮಾತು ಕೇಳಿ ಅವರ ಹೆಂಡತಿ ಚೌಡಮ್ಮ, "ಅಯ್ಯೋ, ಪುಸ್ತಕದಾಗೆ ಇರೋ ಹಂಗೆ ಪೇಸ್ತಾರೆ" ಎಂದು ಬಾಯಿ ಮೇಲೆ ಕೈಯಿಟ್ಟರು. ಪೇಸುವುದೆಂದರೆ ಮಾತಾಡುವುದು. ಜೀವನದಲ್ಲಿ ನನ್ನ ಕನ್ನಡವನ್ನು ಮೆಚ್ಚಿದವರು ಅವರೊಬ್ಬರೇ.

ರಂಗಸಾಮಿಯವರಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು. ಅದಕ್ಕೇ ಕಾರು ಮಾರುತ್ತಿದ್ದರು. ಶೈಲಾ ಬಸುರಿ, ಅದಕ್ಕೇ ಅವಸರ ಎಂದು ನಾನೂ ಹೇಳಿದೆ. ಬಿಳಿ ಕಾರು, ಮೈಮೇಲೆ ಒಂದು ಗೀರಿಲ್ಲ. ಮಾತು ಮುಗಿದು, ಕೊಡುವುದು ಕೊಟ್ಟು, ಸಹಿಗಳೆಲ್ಲ ಆದವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನನ್ನ ಕೈಗೆ ಒಂದು ಕೀಲಿಕೈ ಕೊಟ್ಟರು. ಇನ್ನೊಂದನ್ನು ಹೆಂಡತಿಯ ಕೈಗೆ ಕೊಟ್ಟರು. ಚೌಡಮ್ಮ ಅದಕ್ಕೆ ಅರಿಸಿನದ ನೂಲು ಸುತ್ತಿ ದೇವರ ಪಟದ ಹಿಂದಿನ ಮೊಳೆಗೆ ತಗಲಿಸಿದರು.

"ಇನ್ನೊಂದು ಕೀ?" ಎಂದೆ.

"ಮಾಡು ಮಾರಿದ್ರೆ ಕಯಿರು ಕೊಡ್ತಾರಾ ಸಾಮಿ?" ಎಂದರು ರಂಗಸಾಮಿ, ನಾನೇ ಏನೋ ಕೇಳಬಾರದ್ದು ಕೇಳಿದಂತೆ.

ಹಸು ಮಾರಿದರೆ ಹಗ್ಗವನ್ನೂ ಕೊಡುತ್ತಾರೆಯೇ ಎಂದು ಅದರ ಅರ್ಥ. ಅವರ ತಂದೆ ಪೊಳ್ಳಾಚಿ ಸಂತೆಯಿಂದ ಹಸು ತರುತ್ತಿದ್ದರಂತೆ, ಮಾರುತ್ತಿದ್ದರಂತೆ. ಹಸು ಹೋದರೂ ಹಗ್ಗ ಮನೆಯಲ್ಲಿ ಉಳಿಯಬೇಕು, ಹಗ್ಗದ ಜೊತೆ ಲಕ್ಷ್ಮಿ ಉಳಿಯುತ್ತಾಳೆ. ಇದು ನಮ್ಮ ಕಡೆಯೂ ಉಂಟು. ನಮ್ಮ ಅಜ್ಜ ಹಗ್ಗ ಬಿಚ್ಚಿಕೊಂಡೇ ಹಸುವನ್ನು ಕಳಿಸುತ್ತಿದ್ದ. ಇಷ್ಟು ದೂರ ಬಂದು, ಅಕ್ಷರ ಮರೆತು, ಹಗ್ಗವನ್ನು ಮಾತ್ರ ಮರೆಯದ ಜನ ಎಂದು ನನ್ನ ಕಣ್ಣು ತೇವವಾಯಿತು. ತಲೆಯಾಡಿಸಿ ಕಾರು ಹತ್ತಿದೆ.

ಈ ಭಾವುಕತೆ ಮನೆಯ ಬಾಗಿಲವರೆಗೆ ಬಂತು, ಒಳಗೆ ಬರಲಿಲ್ಲ.

"ಕಾರಿಗೆ ಕೊಂಬೈತೇನ್ರೀ?" ಎಂದಳು ಶೈಲಾ. "ದುಡ್ಡು ಕೊಟ್ಟು ಬಂದೀರಿ, ಕೀ ಅವರ ಮನೇಲಿ, ಹೆಸರೂ ಅವರದ್ದೇ. ನಮ್ಮದೂ ಅಂತ ಏನೈತಿ ಇದರಾಗೆ?"

ಸೆಂದಿಲ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಹೀಗೇ ಕೀ ಇಟ್ಟುಕೊಂಡು, ಆಮೇಲೆ ಬಂದು ಕಾರನ್ನೇ ಓಡಿಸಿಕೊಂಡು ಹೋದವರ ಕಥೆಗಳನ್ನು ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಹೇಳಿದ. ಅನುಮಾನದ ಹುಳ ಹೊಕ್ಕ ಮೇಲೆ ಕೇಳಬೇಕೆ! ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಕಿಟಕಿಯಿಂದ ಕಾರು ಇದೆಯೇ ಎಂದು ನೋಡತೊಡಗಿದೆ. ಇದ್ದರೆ ಸಮಾಧಾನವಾಗುತ್ತಿರಲಿಲ್ಲ, ನಾಳೆ ಇರುತ್ತದೆಯೇ ಎನಿಸುತ್ತಿತ್ತು.

ಹೆಸರಿಗೆ ಮಾಡಿಸಿಕೊಂಡುಬಿಡೋಣ ಎಂದರೆ ಅದೂ ಆಗಲೊಲ್ಲದು. ನನ್ನ ಆಧಾರಿನಲ್ಲಿ ದಾವಣಗೆರೆಯ ವಿಳಾಸ. ಇಲ್ಲಿನ ವಿಳಾಸಕ್ಕೆ ಬಾಡಿಗೆ ಕರಾರು ಬೇಕು. ಮನೆಯ ಮಾಲೀಕರು ಕರಾರು ಎಂದ ಕೂಡಲೇ, "ಪಾಕ್ಕಲಾಂ, ಪಾಕ್ಕಲಾಂ" ಎನ್ನುತ್ತಿದ್ದರು. ನೋಡೋಣ ಎಂಬುದಕ್ಕೆ ತಮಿಳಿನಲ್ಲಿ ಎಷ್ಟು ದೊಡ್ಡ ಅವಕಾಶವಿದೆ ಎಂಬುದು ಆಗ ತಿಳಿಯಿತು. ನೀವು ಊರಿಗೆ ಹೊಸಬರು ಎಂಬುದಕ್ಕೆ ಯಾರೂ ದಾಖಲೆ ಕೇಳುವುದಿಲ್ಲ, ಬಾಯಿಬಿಟ್ಟರೆ ಸಾಕು. ಹೊಸಬರಲ್ಲ ಎನ್ನುವುದಕ್ಕೆ ಮಾತ್ರ ಕಾಗದ ಸಾಲುವುದಿಲ್ಲ.

ಹೀಗೆ ಕಾರು ನಮ್ಮ ಬಾಗಿಲಲ್ಲಿ, ಹೆಸರು ಕರುಮತ್ತಂಪಟ್ಟಿಯಲ್ಲಿ ಇರುವಾಗಲೇ ಶೈಲಾಗೆ ನೋವು ಬಂತು. ಎಂಟು ತಿಂಗಳು ತುಂಬಿರಲಿಲ್ಲ. ನನಗೆ ರಜೆಯಿದ್ದ ಒಂದು ಮಧ್ಯಾಹ್ನ ಊಟ ಮಾಡಿ ಎದ್ದವಳು ಗೋಡೆ ಹಿಡಿದು ನಿಂತಳು. ಅವತ್ತು ಅಮಾವಾಸ್ಯೆ. ಬೆಳಿಗ್ಗೆಯಷ್ಟೇ ಅತ್ತೆ ದಾವಣಗೆರೆಯಿಂದ ಫೋನು ಮಾಡಿ, "ಇವತ್ತೊಂದಿನ ಹುಷಾರಾಗಿರ್ರವ್ವ, ದಿನ ಚೆನ್ನಾಗಿಲ್ಲ" ಎಂದಿದ್ದರು. ಆ ಮಾತು ನಮ್ಮಿಬ್ಬರ ತಲೆಯಲ್ಲೂ ಇತ್ತು. ಅವಳನ್ನು ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟೆ.

ಪಾಲಕ್ಕಾಡ್ ರಸ್ತೆಗೆ ಬಂದರೆ ಪೊಲೀಸರು ಅಡ್ಡಗಟ್ಟೆ ಹಾಕಿ ಬಿಳಿ ಕಾರುಗಳನ್ನೆಲ್ಲ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಅಂಥದ್ದೇ ಒಂದು ಕಾರು ಬೆಳಿಗ್ಗೆ ಕಳುವಾಗಿದೆಯಂತೆ. ಮಹಿಳಾ ಅಧಿಕಾರಿಯೊಬ್ಬರು ನನ್ನ ಕಾಗದ ನೋಡಿದರು. ಲೈಸೆನ್ಸು ಕರ್ನಾಟಕದ್ದು. ಕಾರು ರಂಗಸಾಮಿ ಎಂಬವರದು. ಮಾರಾಟದ ಸಹಿಯಾದ ಕಾಗದಗಳೋ, ಕಚೇರಿಗೆ ಕೊಡಬೇಕೆಂದು ಜೋಪಾನವಾಗಿ ಕಾರ್ಖಾನೆಯ ಮೇಜಿನಲ್ಲಿಟ್ಟಿದ್ದೆ. ಇಂಥ ಜೋಪಾನ ನನಗೆ ಹುಟ್ಟಿನಿಂದ ಬಂದದ್ದು.

ಆಕೆ ಒಳಗೆ ಬಗ್ಗಿ ಶೈಲಾಳನ್ನು ನೋಡಿದರು. ಕೂಡಲೇ ಮುಖ ಮೆತ್ತಗಾಯಿತು. ಅಮ್ಮನನ್ನು ನಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸುತ್ತೇನೆ, ಕಾರು ಯಾರದೆಂದು ತಿಳಿಯುವವರೆಗೆ ನೀವು ಇಲ್ಲಿರಿ ಎಂದರು. ನ್ಯಾಯವಾದ ಮಾತೇ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಶೈಲಾ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾ ಇಳಿಯಲ್ಲ. ಹೋದ ಸಲ ಒಬ್ಬಳೇ ಇದ್ದೆ. ಈ ಸಲ ನೀವಿಲ್ದೆ ಎಲ್ಲೂ ಹೋಗಲ್ಲ."

ಹೋದ ಸಲ ನಾನು ಕೆಲಸದಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಅದನ್ನು ಒಂದು ದಿನವೂ ಆಡಿ ತೋರಿಸಿರಲಿಲ್ಲ. ಅವಳೊಬ್ಬಳೇ ಬರುವುದಿಲ್ಲವಂತೆ ಎಂದು ಅಧಿಕಾರಿಗೆ ಹೇಳಿದೆ.

"ಓನರ್‌ಕ್ಕು ಫೋನ್ ಪೋಡುಂಗ" ಎಂದರು ಅಧಿಕಾರಿ, ಮಾಲೀಕರಿಗೆ ಫೋನು ಹಾಕಿ ಎಂದು.

ಯಾವ ಮುಖದಿಂದ ಹೇಳಲಿ, ಆ ಮನೆಯಲ್ಲಿ ಮಗ್ಗ ಓಡುವಾಗ ಸಿಡಿಲು ಬಿದ್ದರೂ ಕೇಳಿಸುವುದಿಲ್ಲವೆಂದು? ಕರೆಂಟು ಹೋಗಲಪ್ಪ ದೇವರೇ ಎಂದು ಬೇಡಿಕೊಂಡು ನಂಬರು ಒತ್ತಿದೆ. ಕರೆಂಟಿಗಾಗಿ ಬೇಡಿದವರನ್ನು ನೀವು ನೋಡಿರುತ್ತೀರಿ. ಹೋಗಲಿ ಎಂದು ಬೇಡಿದವನು ಬಹುಶಃ ನಾನೊಬ್ಬನೇ.

ಮೊದಲ ಗಂಟೆ ಮುಗಿಯುವ ಮುನ್ನವೇ ಎತ್ತಿದರು. ಹಿಂದೆ ಒಂದಿಷ್ಟೂ ಸದ್ದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅಧಿಕಾರಿ ಫೋನು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಮಾಡಿ, ಕಾರಿನ ನಂಬರು ಹೇಳಿ, ಈ ಕಾರು ಯಾರದು ಎಂದು ಕೇಳಿದರು.

"ವಂಡಿ ನಮ್ಮುದು ದಾಂಗಮ್ಮಾ" ಎಂದರು ರಂಗಸಾಮಿ. ಕಾರು ನಮ್ಮದೇ ಅಮ್ಮ.

ಅಧಿಕಾರಿ ನನ್ನನ್ನು ದಿಟ್ಟಿಸಿದರು. ನಾನು ಕಾರು ನನ್ನದು, ಕೊಂಡದ್ದು ಎಂದು ಅದೇ ತಾನೇ ಹೇಳಿದ್ದೆ. ಸೆಂದಿಲ್ ಹೇಳಿದ ಕಥೆಗಳೆಲ್ಲ ಒಟ್ಟಿಗೆ ನೆನಪಾದವು. ಮುಗಿಯಿತು ಅಂದುಕೊಂಡೆ. ಒಳಗಿನಿಂದ ಶೈಲಾ ನರಳಿದಳು, ಅದು ಫೋನಿನಾಚೆಗೂ ಕೇಳಿಸಿರಬೇಕು. ರಂಗಸಾಮಿಯವರ ದನಿ ಏರಿತು.

"ಉಳ್ಳ ಇರುಕ್ಕಿರವಂಗಳುಂ ನಮ್ಮವಂಗ ದಾಂಗ! ಬಸುರಿ ಪೆಣ್ಣು. ನಿಲ್ಲಿಸಬೇಡಿ ತಾಯೀ, ಬಿಡಿ!"

ಒಳಗಿರುವವರೂ ನಮ್ಮವರೇ. ಗಾಬರಿಯಲ್ಲಿ ಅವರು ಪೊಲೀಸಿನವರ ಹತ್ತಿರವೇ ಅರ್ಧ ಕನ್ನಡ ಆಡಿಬಿಟ್ಟಿದ್ದರು. ಆಕೆಗೆ ಎಷ್ಟು ತಿಳಿಯಿತೋ, ಅಡ್ಡಗಟ್ಟೆ ಮಾತ್ರ ಸರಿಯಿತು.

ಮಗಳು ಅವತ್ತೇ ಸಂಜೆ ಹುಟ್ಟಿದಳು. ಅಂಗೈಯಷ್ಟಿದ್ದಳು, ಆದರೆ ಅಳು ವಾರ್ಡಿಗೆಲ್ಲ ಕೇಳುವಂತಿತ್ತು. ಆ ಅಳು ಕೇಳಿ ನಾನೂ ನಿಂತಲ್ಲೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಎರಡು ದಿನ ಬಿಟ್ಟು ರಂಗಸಾಮಿ, ಚೌಡಮ್ಮ ಬಸ್ಸು ಬದಲಿಸಿಕೊಂಡು ಆಸ್ಪತ್ರೆಗೆ ಬಂದರು. ಆವತ್ತು ಕರೆಂಟು ಹೋಗಿತ್ತೇ ಎಂದು ಕೇಳಿದೆ. "ಅಮಾವಾಸೆ ದಿನ ನಾವು ತರಿ ಓಡಿಸಲ್ಲ ಸಾಮಿ. ಅದು ನಮಗೆ ನಲ್ಲ ದಿನ, ಒಳ್ಳೇ ದಿನ" ಎಂದರು. ಊರಿನಿಂದ ಬಂದಿದ್ದ ಅತ್ತೆ ಪಕ್ಕದಲ್ಲೇ ಕೂತಿದ್ದರು. ಮೊಮ್ಮಗಳ ಟೋಪಿ ಸರಿಮಾಡಿದರು.

ಚೌಡಮ್ಮ ಸೆರಗಿನ ಗಂಟು ಬಿಚ್ಚಿ ನೂಲು ಸುತ್ತಿದ ಚಾವಿಯನ್ನು ಶೈಲಾಳ ಅಂಗೈಯಲ್ಲಿಟ್ಟರು. "ಹೋದ ಮನೇಲಿ ಕರು ಹಾಕಿದ್ರೆ ಕಯಿರು ಕೊಟ್ಟುಬಿಡಬೇಕು ಕಣ್ಣಮ್ಮಾ. ಇನ್ನು ನಿಮ್ಮದು."

"ಅಂದ್ರೆ ನಾನು ಹಸುವೇನಮ್ಮಾ?" ಎಂದಳು ಶೈಲಾ. ನಕ್ಕಳು, ಹೊಲಿಗೆ ನೋಯಿತೆಂದು ಬೈದಳು, ಮತ್ತೆ ನಕ್ಕಳು. ಚಾವಿಯನ್ನು ಮಾತ್ರ ಬಿಡಲಿಲ್ಲ.

ಬಾಡಿಗೆ ಕರಾರು ಆಮೇಲೆ ಸಿಕ್ಕಿತು, ಹೆಸರೂ ಬದಲಾಯಿತು. ಅದಕ್ಕೂ ಮೊದಲೇ ಮಗಳ ಜನನ ಪತ್ರ ಬಂದಿತ್ತು. ನಾನು ಅಷ್ಟೆಲ್ಲ ಓಡಾಡಿ ಪಡೆದ ಊರು ಅವಳಿಗೆ ಅತ್ತದ್ದಕ್ಕೇ ಸಿಕ್ಕಿತ್ತು.

ರಂಗಸಾಮಿಯವರು ಈಗಿಲ್ಲ. ಮಗ್ಗಗಳನ್ನೂ ಮಾರಿಯಾಯಿತು. ಈಗ ಆ ಮನೆಗೆ ಫೋನು ಮಾಡಿದರೆ ಚೌಡಮ್ಮ ಮೊದಲ ಗಂಟೆಗೇ ಎತ್ತುತ್ತಾರೆ. ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ಖಾನೆಯಲ್ಲಿ ಹುಡುಕುತ್ತಿದ್ದ ವಿಮೆಯ ಕಾಗದ ಕೊನೆಗೆ ಸಿಕ್ಕಿತು. ಅದನ್ನು ಕೇಳಿದವರು, ಆ ಬಿಳಿ ಕಾರನ್ನೇ ಕೊಳ್ಳಲು ಬಂದವರು, ಹೊರಗೆ ಕಾಯುತ್ತಿದ್ದರು: ಒಡಿಶಾದಿಂದ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊಸದಾಗಿ ಬಂದ ಗಂಡ ಹೆಂಡತಿ. ಹುಡುಗಿಯ ಹೊಟ್ಟೆ ಆಗಲೇ ಕಾಣುವಂತಿತ್ತು. ಸಹಿ ಮಾಡಿ ಕಾಗದಗಳನ್ನೆಲ್ಲ ಅವರ ಕೈಗಿತ್ತೆ, ಕಾರಿನಲ್ಲೇ ಇಡಿ ಎಂದು ಒತ್ತಿ ಹೇಳಿದೆ. ಒಂದು ಕೀಲಿಕೈ ಕೊಟ್ಟೆ. ನೂಲಿನದನ್ನು ಮುಷ್ಟಿಯಲ್ಲೇ ಉಳಿಸಿಕೊಂಡು, ಹಸುವಿನ ಹಗ್ಗದ ವಿಷಯವನ್ನು ನನ್ನ ತಮಿಳಿನಲ್ಲಿ ವಿವರಿಸಿದೆ. ಗಂಡ ತಲೆಯಾಡಿಸಿದ, ಪಾಪ, ನನ್ನ ಹಾಗೆಯೇ. ಅವಳು ನನ್ನ ಮುಷ್ಟಿಯಿಂದ ಕಣ್ಣು ತೆಗೆಯಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಶೈಲಾಳದ್ದೇ.

"ಫೋನ್ ಮಾಡಿದರೆ ಎತ್ತುತ್ತೀರಾ?" ಎಂದು ತನ್ನ ಹರಕು ತಮಿಳಿನಲ್ಲಿ ಕೇಳಿದಳು.

"ನಮ್ಮ ಮನೆಯಲ್ಲಿ ಮಗ್ಗವಿಲ್ಲಮ್ಮ" ಎಂದೆ. "ಯಾರು ಯಾವಾಗ ಕೇಳಿದರೂ, ಒಳಗಿರುವವರು ನಮ್ಮವರು ಅಂತಲೇ ಹೇಳುತ್ತೇನೆ."